ನಮ್ಮೂರ ರೊಟ್ಟಿ, ಗಾಣದ ಎಣ್ಣೆ, ಕಬ್ಬಿನ ಗಾಣದ ಬೆಲ್ಲ: ರೋಗಿಯ ತಟ್ಟೆಗೆ ಯಾವುದು, ಎಷ್ಟು?



ಕೆಲವು ವರ್ಷಗಳ ಹಿಂದಿನ ಮಾತು. ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರಿದ್ದರು. ಕಾಲಿನ ಗಾಯ ಬೇಗ ಮಾಯುತ್ತಿರಲಿಲ್ಲ. ಮನೆಗೆ ಹೊರಡುವ ದಿನ ಅವರ ಪತ್ನಿಯ ಕೈಗೆ ನಾನು ಅಚ್ಚಾದ ಆಹಾರ ಪಟ್ಟಿಯೊಂದನ್ನು ಕೊಟ್ಟೆ. ಬೆಳಗಿನ ಆಹಾರಕ್ಕೆ ಅದರಲ್ಲಿ ಓಟ್ಸ್ ಎಂದಿತ್ತು. ಎರಡು ವಾರ ಬಿಟ್ಟು ಡ್ರೆಸ್ಸಿಂಗಿಗೆ ಬಂದಾಗ ಆ ತಾಯಿ ಮೆಲ್ಲಗೆ ಕೇಳಿದರು: "ಸಿಸ್ಟರ್ರೀ, ಆ ಡಬ್ಬಿ ನಮಗ ಭಾಳ ತುಟ್ಟಿ ಆಗ್ತದ್ರಿ. ಇವ್ರ ಬಾಯಿಗೂ ಹತ್ತವಲ್ಲದು. ನಮ್ಮ ಸೊಸಿ ಊರಾಗ ಗುಂಪಿನವ್ರ ಕೂಡ ರೊಟ್ಟಿ ಬಡದು ಮಾರ್ತಾಳ್ರಿ. ಆ ರೊಟ್ಟಿ ಕೊಟ್ರ ನಡೀತದೇನ್ರಿ?"

ನಾನು ಹೌದೆಂದು ಹೇಳುವಷ್ಟರಲ್ಲಿ ಅವರೇ ಮತ್ತೊಂದು ಮಾತು ಸೇರಿಸಿದರು: "ಚಾಕ್ಕ ಸಕ್ರಿ ಪೂರಾ ಬಿಟ್ಟೇವ್ರಿ. ಗಾಣದ ಬೆಲ್ಲ ಹಾಕ್ತೇವಿ. ಅದು ಮನಿ ಮಾಲು, ಏನೂ ಆಗೂದಿಲ್ಲಂತ ಹೇಳ್ಯಾರ."

ತಿನ್ನಬಹುದಾದ ರೊಟ್ಟಿಯನ್ನು ನಾನು ತಪ್ಪಿಸಿದ್ದೆ. ತಪ್ಪಿಸಬೇಕಾದ ಬೆಲ್ಲವನ್ನು ಅವರು ನಂಬಿದ್ದರು. ಈ ಎರಡು ತಪ್ಪುಗಳಿಂದ ಕಲಿತದ್ದೇ ಇಂದಿನ ಪಾಠ. ನಮ್ಮ ಸುತ್ತ ಕೈಯಿಂದ ಆಹಾರ ತಯಾರಿಸುವ ಸಣ್ಣ ಜನ ಬಹಳ ಇದ್ದಾರೆ. ಅವರನ್ನು ಹುಡುಕಿ ಕೊಳ್ಳೋಣ, ರುಚಿಯಿಂದ ಉಣ್ಣೋಣ. ಆದರೆ ನಮ್ಮ ಕಾಯಿಲೆಗೆ ಯಾವುದು ಎಷ್ಟು ಎಂಬುದನ್ನು ಮೊದಲು ತಿಳಿಯೋಣ.

1. ಜೋಳದ ರೊಟ್ಟಿ

ಉತ್ತರ ಕರ್ನಾಟಕದ ಎರೆ ಹೊಲದಲ್ಲಿ ಹಿಂಗಾರಿಗೆ ಬೆಳೆಯುವ ಬಿಳಿಜೋಳವೇ ರೊಟ್ಟಿಗೆ ಶ್ರೇಷ್ಠ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಸುಮಾರು 10 ಗ್ರಾಂ ನಾರಿನಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗಿಂತ ಕಡಿಮೆ. ನಾರು ಹೆಚ್ಚಿದ್ದರೆ ಹೊಟ್ಟೆ ತುಂಬಿದಂತಿರುತ್ತದೆ, ಮಲಬದ್ಧತೆ ಕಡಿಮೆಯಾಗುತ್ತದೆ, ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ.

ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಅದಕ್ಕೇ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಕೈಯಿಂದ ಬಡಿದು ತೆಳ್ಳಗೆ ಮಾಡಬೇಕಾಗುತ್ತದೆ. ಇದು ಕೈಕಸುಬು. ಖಡಕ್ ರೊಟ್ಟಿಯಲ್ಲಿ ತೇವಾಂಶ ಉಳಿಯದ ಕಾರಣ ಅದು ಬಹಳ ದಿನ ಕೆಡುವುದಿಲ್ಲ, ಕೆಡದಂತೆ ಯಾವ ರಾಸಾಯನಿಕವೂ ಬೇಕಿಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಊರೂರಿನಿಂದ ರೊಟ್ಟಿ ಬಂದು ರಾಶಿ ಬೀಳುವುದನ್ನು ನೋಡಿದವರಿಗೆ ಇದು ಗೊತ್ತು.

ಆದರೂ ಲೆಕ್ಕ ಬೇಕು. 40 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 27 ಗ್ರಾಂ ಪಿಷ್ಟವಿರುತ್ತದೆ. ಖಡಕ್ ರೊಟ್ಟಿ ಹಗುರವೆಂದು ಮಾತಾಡುತ್ತಾ ಐದಾರು ಮುರಿದು ತಿಂದರೆ ಸಕ್ಕರೆ ಏರಿಯೇ ತೀರುತ್ತದೆ. ಎಷ್ಟು ರೊಟ್ಟಿ ಎಂಬುದನ್ನು ನಿಮ್ಮ ವೈದ್ಯರಿಂದ ಕೇಳಿ ಬರೆಸಿಕೊಳ್ಳಿ. ಜೊತೆಗೆ ಕಾಳುಪಲ್ಯ, ಸೊಪ್ಪು, ಹಸಿ ಸೌತೆಕಾಯಿ ಇರಲಿ. ಹಲ್ಲಿಲ್ಲದ ಹಿರಿಯರಿಗೆ ರೊಟ್ಟಿಯನ್ನು ಮಜ್ಜಿಗೆಯಲ್ಲೋ ಬೇಳೆಸಾರಿನಲ್ಲೋ ನೆನೆಸಿ ಕೊಡಿ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ಮಾತ್ರ ವೈದ್ಯರು ಹೇಳುವವರೆಗೆ ಕಾಯಿರಿ.

ಓಟ್ಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕೈಗೆಟುಕುವ ಬೆಲೆಗೆ ಊರಲ್ಲೇ ಒಳ್ಳೆಯ ಧಾನ್ಯ ಇರುವಾಗ ಸಾಲ ಮಾಡಿ ಡಬ್ಬಿ ಕೊಳ್ಳುವ ಅಗತ್ಯವಿಲ್ಲ, ಇಷ್ಟೇ.

2. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ

ಸಣ್ಣ ತಯಾರಕರ ಕೈರುಚಿ ಹೆಚ್ಚು ಕಾಣುವುದು ಇಲ್ಲಿ. ಅಗಸಿಯಲ್ಲಿ ಒಮೆಗಾ-3 ಕೊಬ್ಬು ಮತ್ತು ನಾರು, ಶೇಂಗಾದಲ್ಲಿ ಪ್ರೋಟೀನು ಇವೆ. ಬಾಯಿ ಕೆಟ್ಟ ರೋಗಿಗೆ ಒಂದು ಚಮಚ ಹಿಂಡಿ, ಸ್ವಲ್ಪ ಮೊಸರು ಇದ್ದರೆ ಊಟ ಸೇರುತ್ತದೆ.

ಎರಡು ಎಚ್ಚರಿಕೆ. ಮೊದಲನೆಯದು ಉಪ್ಪು. ಒಬ್ಬರಿಗೆ ಇಡೀ ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಹಿಂಡಿ, ಉಪ್ಪಿನಕಾಯಿ, ಹಪ್ಪಳ ಒಂದೇ ತಟ್ಟೆಯಲ್ಲಿ ಕೂಡಿದರೆ ಈ ಮಿತಿ ದಾಟಿಹೋಗುತ್ತದೆ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ರೋಗಿಗಳು ಹಿಂಡಿಯನ್ನು ಉಪ್ಪು ಕಡಿಮೆ ಹಾಕಿ ಬೇರೆಯಾಗಿ ಮಾಡಿಸಿಕೊಳ್ಳಿ. ದೊಡ್ಡ ಕಾರ್ಖಾನೆಗೆ ಹೀಗೆ ಹೇಳಲಾಗದು, ಓಣಿಯ ಅಕ್ಕನಿಗೆ ಹೇಳಬಹುದು. ಸಣ್ಣ ತಯಾರಕರಿಂದ ರೋಗಿಗೆ ಸಿಗುವ ದೊಡ್ಡ ಲಾಭವೇ ಇದು.

ಎರಡನೆಯದು ಬೂಷ್ಟು. ತೇವದಲ್ಲಿಟ್ಟ ಶೇಂಗಾಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಯಕೃತ್ತಿಗೆ ಹಾನಿ ಮಾಡುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಕಪ್ಪಾದ, ಸುಕ್ಕಾದ, ಕಹಿಯಾದ ಕಾಳನ್ನು ಆರಿಸಿ ಎಸೆಯಿರಿ. ಹಿಂಡಿಯನ್ನು ಸ್ವಲ್ಪ ಸ್ವಲ್ಪವೇ ಕೊಳ್ಳಿ, ಒಣ ಚಮಚವನ್ನೇ ಹಾಕಿ.

3. ಗಾಣದ ಎಣ್ಣೆ

ಶೇಂಗಾ, ಕುಸುಬಿ ಎಣ್ಣೆಯ ಗಾಣಗಳು ಈಗ ಮತ್ತೆ ಅಲ್ಲಲ್ಲಿ ತಿರುಗುತ್ತಿವೆ. ಪರಿಮಳ ಚೆನ್ನ, ಕಣ್ಣೆದುರೇ ಹಿಂಡಿಸಿ ತರಬಹುದು. ಆದರೆ ಗಾಣದ ಎಣ್ಣೆಯೂ ಎಣ್ಣೆಯೇ. ಒಂದು ಗ್ರಾಮಿಗೆ 9 ಕ್ಯಾಲೊರಿ ಎಂಬ ಲೆಕ್ಕ ಬದಲಾಗದು. ಹೆಚ್ಚು ಮೈಮುರಿದು ದುಡಿಯದವರಿಗೆ ದಿನಕ್ಕೆ ನಾಲ್ಕೈದು ಟೀ ಚಮಚ ಸಾಕು. ಹೃದಯದ ರೋಗಿಗಳು ವೈದ್ಯರು ಹೇಳಿದಷ್ಟೇ ಬಳಸಿ.

ಗುರುತು ಪರಿಚಯ ಇಲ್ಲದವರ ಬಿಡಿ ಎಣ್ಣೆ ಬೇಡ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತು, ಮೈ ಬಾತು 60ಕ್ಕೂ ಹೆಚ್ಚು ಜನ ಸತ್ತರು. ಗಾಣಕ್ಕೆ ಹಾಕುವ ಕಾಳನ್ನು ನೀವೇ ನೋಡಿ ಎಣ್ಣೆ ತರುವುದೇ ಕ್ಷೇಮ.

4. ಬೆಲ್ಲದ ವಿಷಯ

ಇಲ್ಲಿ ದಯವಿಟ್ಟು ಎರಡು ಸಲ ಓದಿ. ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಸಕ್ಕರೆಯಂಶವೇ ಇದೆ. ದಿನದ ಚಹಾಕ್ಕೆಲ್ಲ ಸೇರಿ 20 ಗ್ರಾಂ ಬೆಲ್ಲ ಹಾಕಿದರೆ ಮೂರೂವರೆ ಚಮಚ ಸಕ್ಕರೆ ಹಾಕಿದಂತೆ. ಸಾವಯವ ಬೆಲ್ಲವಾದರೂ, ಜೇನುತುಪ್ಪವಾದರೂ, ನಿಮ್ಮ ಹೊಲದ ಕಬ್ಬಿನದೇ ಆದರೂ ಸಕ್ಕರೆ ಕಾಯಿಲೆಯವರಿಗೆ ಅದು ಸಕ್ಕರೆಯೇ. ಸಕ್ಕರೆ ಏರಿದಷ್ಟು ದಿನ ಗಾಯ ಮಾಯುವುದು ತಡವಾಗುತ್ತದೆ, ಕೀವಾಗುವ ಭಯ ಹೆಚ್ಚುತ್ತದೆ.

ಒಂದೇ ಒಂದು ಸಂದರ್ಭ ಬೇರೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡವರಿಗೆ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ರಕ್ತದ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ತಕ್ಷಣ ಮೂರು ಚಮಚ ಸಕ್ಕರೆಯ ನೀರು ಕುಡಿಸಿ, ಸಕ್ಕರೆ ಇಲ್ಲದಿದ್ದರೆ ಅಷ್ಟೇ ಬೆಲ್ಲವಾದರೂ ಸರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ತನ್ನಿ.

ಬೆಲ್ಲದಲ್ಲಿ ಕಬ್ಬಿಣ ಸ್ವಲ್ಪ ಇದೆ, ನಿಜ. ಆದರೆ ರಕ್ತಹೀನತೆಯ ಗರ್ಭಿಣಿಗೆ ಬೆಲ್ಲವೊಂದೇ ಸಾಲದು, ಕಬ್ಬಿಣದ ಮಾತ್ರೆ ಬಿಡಬಾರದು. ಮಾತ್ರೆಯ ಹಿಂದೆ ಮುಂದೆ ಚಹಾ ಬೇಡ. ಪಲ್ಯದ ಮೇಲೆ ಲಿಂಬೆಹಣ್ಣು ಹಿಂಡಿದರೆ ಕಬ್ಬಿಣ ಮೈಗೆ ಹತ್ತುತ್ತದೆ. 2023ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಇಂಡಿಯ ಲಿಂಬೆ ನಮ್ಮ ಸೀಮೆಯದೇ.

ಆರೋಗ್ಯವಂತ ಮನೆಮಂದಿಗೆ ಬೆಲ್ಲ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಹಳೆಯ ಪದ್ಧತಿಯಲ್ಲಿ ಬೆಂಡೆ ಗಿಡದ ಲೋಳೆ ಹಾಕಿ ಹಾಲಿನ ಕೊಳೆ ತೆಗೆಯುತ್ತಾರೆ. ಆ ಬೆಲ್ಲ ಕಂದು ಬಣ್ಣದ್ದು. ಹಳದಿಯಾಗಿ ಹೊಳೆಯಲೆಂದು ಕೆಲವರು ಗಂಧಕದ ರಾಸಾಯನಿಕ ಬಳಸುತ್ತಾರೆ. ಅದು ಹೆಚ್ಚಾದರೆ ಉಬ್ಬಸದವರಿಗೆ ತೊಂದರೆ. ಮಹಾಲಿಂಗಪುರದ ಕಡೆಯಾಗಲಿ, ಮಂಡ್ಯದ ಕಡೆಯಾಗಲಿ ಗಾಣಕ್ಕೆ ಹೋದಾಗ "ಕೊಳೆ ತೆಗೆಯಲು ಏನು ಹಾಕುತ್ತೀರಿ?" ಎಂದು ಕೇಳಿ. ಒಳ್ಳೆಯ ಗಾಣದವರು ಸಂತೋಷದಿಂದ ತೋರಿಸುತ್ತಾರೆ.

5. ಹಾಲು, ಜೇನು, ಖಾರದಪುಡಿ

ಎದುರಿಗೇ ಕರೆದ ಹಾಲಾದರೂ ಕಾಯಿಸದೆ ಕುಡಿಯಬೇಡಿ. ಹಸಿ ಹಾಲಿನಿಂದ ಬ್ರುಸೆಲ್ಲಾ ಜ್ವರ, ದನದ ಕ್ಷಯ ಬರಬಹುದು. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬೇಡಿ. ಖಾರದಪುಡಿಗೆ ಇಡೀ ಬ್ಯಾಡಗಿ ಮೆಣಸಿನಕಾಯಿ ಕೊಂಡು ಪುಡಿ ಮಾಡಿಸಿ. ಅದು ಬಣ್ಣ ಹೆಚ್ಚು, ಖಾರ ಕಡಿಮೆ. ಕೊಂಡ ಪುಡಿಯನ್ನು ಒಂದು ಲೋಟ ನೀರಿನ ಮೇಲೆ ಉದುರಿಸಿ. ಬಣ್ಣ ಗೆರೆಗೆರೆಯಾಗಿ ಕೆಳಗಿಳಿದರೆ ಕೃತಕ ಬಣ್ಣ ಬೆರೆಸಿದ್ದಾರೆ ಎಂದು ತಿಳಿಯಿರಿ.

6. ಒಳ್ಳೆಯ ತಯಾರಕರನ್ನು ಹುಡುಕುವುದು ಹೇಗೆ?

ವಾರದ ಸಂತೆಗೆ ಬೆಳಿಗ್ಗೆಯೇ ಹೋಗಿ. ಓಣಿಯ ರೊಟ್ಟಿ ಕೇಂದ್ರವನ್ನು ವಿಚಾರಿಸಿ. ಕರ್ನಾಟಕದಲ್ಲಿ 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳಂಥ ಸ್ವಸಹಾಯ ಸಂಘಗಳ ಎಷ್ಟೋ ಮಹಿಳೆಯರು ರೊಟ್ಟಿ, ಹಿಂಡಿ, ಶಾವಿಗೆ, ಹಪ್ಪಳ ಮಾಡಿ ಮಾರುತ್ತಾರೆ. ಅಂಗನವಾಡಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ಕೊಳ್ಳುವ ಮುನ್ನ ಈ ಐದನ್ನು ನೋಡಿ:

• ಮಾಡುವ ಜಾಗ, ನೀರು, ಮಾಡುವವರ ಕೈ ಸ್ವಚ್ಛವಾಗಿವೆಯೇ?
• ಯಾವ ದಿನ ಮಾಡಿದ್ದೆಂದು ಹೇಳುತ್ತಾರೆಯೇ?
• ಏನೇನು ಹಾಕಿದ್ದಾರೆಂದು ಮರೆಮಾಚದೆ ಹೇಳುತ್ತಾರೆಯೇ?
• ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ ಸಂಸ್ಥೆಯ 14 ಅಂಕಿಗಳ ಸಂಖ್ಯೆ ಇದೆಯೇ? 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ಮನೆಯಲ್ಲಿ ಮಾಡಿ ಮಾರುವವರಿಗೂ ನೋಂದಣಿ ಬೇಕು.
• "ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಮಾತ್ರೆ ಬಿಡಿ" ಎನ್ನುತ್ತಾರೆಯೇ? ಹಾಗೆಂದವರಲ್ಲಿ ಕೊಳ್ಳಬೇಡಿ.

ಒಮ್ಮೆಗೆ ಸ್ವಲ್ಪ ಕೊಂಡು ರುಚಿ ನೋಡಿ. ಹಿಡಿಸಿದರೆ ಪ್ರತಿ ವಾರ ಅವರಲ್ಲೇ ಕೊಳ್ಳಿ. ಬಹಳ ಚೌಕಾಸಿ ಬೇಡ. ಒಲೆಯ ಮುಂದೆ ಕುಳಿತು ಬಡಿದ ರೊಟ್ಟಿ ಅದು, ಆ ಮನೆಯ ಮಕ್ಕಳ ಶಾಲೆಯ ಖರ್ಚೂ ಅದರಲ್ಲೇ ನಡೆಯುತ್ತಿರಬಹುದು.

7. ವಾರ್ಡಿಗೆ ತರುವವರಿಗೆ

ಊರಿಂದ ಬುತ್ತಿ ತಂದರೆ ಮೊದಲು ನರ್ಸಿಗೆ ತೋರಿಸಿ. ರೋಗಿಯ ಕಾಯಿಲೆಗೆ ಹೊಂದುತ್ತದೆಯೇ ಎಂದು ಹೇಳುತ್ತೇವೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಶೇಂಗಾ, ಬೆಲ್ಲ ಕೂಡ ಕೆಲವೊಮ್ಮೆ ನಿಷಿದ್ಧ. ಪಕ್ಕದ ಮಂಚದ ರೋಗಿಗೆ ಪ್ರೀತಿಯಿಂದಲೇ ಆದರೂ ಕೇಳದೆ ತಿನ್ನಿಸಬೇಡಿ. ಕೈ ತೊಳೆದು ಬಡಿಸಿ.

ಅಂದು ಆ ತಾಯಿಯ ಎದುರಿಗೇ ಪಟ್ಟಿಯಲ್ಲಿ ಓಟ್ಸ್ ಹೊಡೆದುಹಾಕಿ, ವೈದ್ಯರನ್ನು ಕೇಳಿ ರೊಟ್ಟಿ ಎಂದು ಬರೆದೆ. ಚಹಾದ ಬೆಲ್ಲವನ್ನು ನಿಲ್ಲಿಸಿದೆವು. ಮುಂದಿನ ಸಲ ಅವರು ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ತಂದು ನನ್ನ ಮುಂದಿಟ್ಟು, "ಹೊತ್ತಿಗೆ ಎಷ್ಟು ಕೊಡ್ಲಿ, ಎಣಿಸಿ ಹೇಳ್ರಿ" ಎಂದರು. ನೀವೂ ಹಾಗೆಯೇ ತನ್ನಿ, ಕೇಳಿ. ಎಣಿಸಿ ಹೇಳುವುದು ನಮ್ಮ ಕೆಲಸ.

ಎಲ್ಲರೂ ಬೇಗ ಗುಣಮುಖರಾಗಿ ಮನೆಯ ಊಟಕ್ಕೆ ಮರಳಲಿ ಎಂದು ಹಾರೈಸುತ್ತೇನೆ.