ಅರಿಷಿಣದ ಹಾಲು ಕೀಮೋದ ಬದಲಿಗೆ ಆದೀತೇ?

ಪ್ರಶ್ನೆ: ನಾವು ಘಟಪ್ರಭಾ ದಂಡೆಯ ರೈತರು. ಕಬ್ಬಿನ ಜೊತೆ ಅರಿಷಿಣವನ್ನೂ ಬೆಳೆಯುತ್ತೇವೆ. ಅವ್ವನಿಗೆ ಸ್ತನ ಕ್ಯಾನ್ಸರ್. ಕೀಮೋಗೆಂದು ಬೆಳಗಾವಿಗೆ ಓಡಾಡುತ್ತಿದ್ದೇವೆ. ಕೂದಲು ಉದುರಿದೆ, ಊಟ ಸೇರುತ್ತಿಲ್ಲ. ಅರಿಷಿಣದ ಕರ್ಕ್ಯುಮಿನ್ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆ ಎಂದು ಮೊಬೈಲಿನಲ್ಲಿ ವಿಡಿಯೊ ಬಂದಿದೆ. ಕೀಮೋ ಬಿಟ್ಟು ಮನೆಯ ಅರಿಷಿಣವನ್ನೇ ಹಾಲಿಗೆ ಹಾಕಿ ಕೊಡೋಣ ಅನ್ನುತ್ತಾರೆ ಮನೆಮಂದಿ. ಏನು ಮಾಡಲಿ, ಡಾಕ್ಟರೇ?
– ಮೂಡಲಗಿ ತಾಲ್ಲೂಕಿನ ಓದುಗ

ಉತ್ತರ: ಕೀಮೋ ಬಿಡಿಸಬೇಡಿ. ಈ ಒಂದು ಮಾತನ್ನು ಮೊದಲು ಮನೆಯವರಿಗೆಲ್ಲ ಓದಿ ಹೇಳಿ.

ವಿಡಿಯೊದ ಮಾತು ಪೂರ್ತಿ ಸುಳ್ಳಲ್ಲ. ಕೆಟ್ಟುಹೋದ ಕೋಶ ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುವ ಏರ್ಪಾಡು ನಮ್ಮ ದೇಹದಲ್ಲಿದೆ. 1972ರಲ್ಲಿ ಕೆರ್, ವಾಯ್ಲಿ, ಕರಿ ಎಂಬ ವಿಜ್ಞಾನಿಗಳು ಅದನ್ನು ಅಪೊಪ್ಟೋಸಿಸ್ ಎಂದು ಕರೆದರು. ಅನೇಕ ಕ್ಯಾನ್ಸರ್ ಕೋಶಗಳು ಬಿಸಿಎಲ್-2 ಎಂಬ ಪ್ರೋಟೀನನ್ನು ಹೆಚ್ಚಿಸಿಕೊಂಡು ಈ ಸಾವನ್ನು ತಪ್ಪಿಸಿಕೊಳ್ಳುತ್ತವೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕರ್ಕ್ಯುಮಿನ್ ಆ ಪ್ರೋಟೀನನ್ನು ತಗ್ಗಿಸುತ್ತದೆ. ಆಗ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಿಂದ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಹೊರಗೆ ಸೋರಿ, ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚೆತ್ತು, ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ.

ತೊಡಕಿರುವುದು ಪ್ರಮಾಣದಲ್ಲಿ. ತಟ್ಟೆಯ ಪ್ರಯೋಗಗಳಲ್ಲಿ ಸಾಮಾನ್ಯವಾಗಿ 10ರಿಂದ 50 ಮೈಕ್ರೊಮೋಲಾರ್ ಸಾಂದ್ರತೆಯ ಕರ್ಕ್ಯುಮಿನ್ ಬಳಸುತ್ತಾರೆ. 2001ರ ತೈವಾನ್ ಅಧ್ಯಯನದಲ್ಲಿ ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಸರಾಸರಿ 2 ಮೈಕ್ರೊಮೋಲಾರ್ ಕೂಡ ಮುಟ್ಟಲಿಲ್ಲ. ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ, ಹೀರಿದ್ದನ್ನು ಯಕೃತ್ತು ಬೇಗ ಮಾರ್ಪಡಿಸಿಬಿಡುತ್ತದೆ. ಅರಿಷಿಣದಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸು. ಆ 8 ಗ್ರಾಂ ಸಿಗಬೇಕಾದರೆ ದಿನಕ್ಕೆ ಕಾಲು ಕಿಲೋಗಿಂತ ಹೆಚ್ಚು ಪುಡಿ ತಿನ್ನಬೇಕು! ಒಂದು ಲೋಟ ಹಾಲಿನ ಚಿಟಿಕೆಯಿಂದ ಗಡ್ಡೆ ಕರಗದು.

ಹಾಗೆಂದು ಗಿಡಮರಗಳಿಂದ ಔಷಧಿ ಸಿಗುವುದಿಲ್ಲವೆಂದಲ್ಲ. ಅಂಗಳದ ಸದಾಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರಿಗೆ ಆಧಾರ. ಸ್ತನ ಕ್ಯಾನ್ಸರಿಗೆ ಹೆಚ್ಚಾಗಿ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಅಮೆರಿಕದ ಯೂ ಮರದ ತೊಗಟೆಯಲ್ಲಿ. 1971ರಲ್ಲಿ ವಾನಿ, ವಾಲ್ ಅದರ ರಚನೆ ಪ್ರಕಟಿಸಿದರು. ವಿಭಜನೆಗೆ ಹೊರಟ ಕೋಶವನ್ನು ಅದು ಅರ್ಧದಲ್ಲೇ ತಡೆದು ಸಾವಿನ ದಾರಿಗೆ ಹಚ್ಚುತ್ತದೆ. ಅವ್ವನ ಸಲೈನಿನಲ್ಲಿ ಇಳಿಯುತ್ತಿರುವುದೂ ಅದೇ ಇರಬಹುದು, ಚೀಟಿ ನೋಡಿ. ಶುದ್ಧಮಾಡಿ, ಅಳೆದು, ರಕ್ತಕ್ಕೇ ಕೊಡುವುದರಿಂದ ಅದು ಕೆಲಸ ಮಾಡುತ್ತದೆ. ಸದಾಪುಷ್ಪದ ಎಲೆ ಅರೆದು ಕುಡಿಸಲು ಮಾತ್ರ ಹೋಗಬೇಡಿ, ಅದು ವಿಷ.

ಪಲ್ಯ, ಸಾರಿಗೆ ಎಂದಿನಂತೆ ಅರಿಷಿಣ ಹಾಕಿ. ಕರ್ಕ್ಯುಮಿನ್ ಮಾತ್ರೆಗಳು ಬೇಡ. ಮೆಣಸಿನ ಸಾರ ಸೇರಿಸಿದವು ಬೇರೆ ಔಷಧಿಗಳ ಪ್ರಮಾಣವನ್ನು ಏರುಪೇರು ಮಾಡಬಲ್ಲವು. ಊಟ ಸೇರದ್ದನ್ನು ಡಾಕ್ಟರಿಗೆ ಹೇಳಿ, ವಾಂತಿ ತಡೆಯಲು ಒಳ್ಳೆಯ ಔಷಧಿಗಳಿವೆ. ಕೀಮೋ ಆದ ಮೇಲೆ ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲೆಂದು ಕಾಯದೆ, ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.