ಸಾಲ ಸಂಘದ ಕಾರ್ಯದರ್ಶಿಗೆ ತರಬೇತಿ ಏಕೆ ಬೇಕು?



ಎತ್ತಿಗೆ ಲಾಳ ಕಟ್ಟಿಸಬೇಕಾದರೂ ನಾವು ಕಸುಬು ತಿಳಿದವನನ್ನೇ ಹುಡುಕಿಕೊಂಡು ಹೋಗುತ್ತೇವೆ. ಆದರೆ ಊರಿನವರೆಲ್ಲ ಕೂಡಿಟ್ಟ ಹಣವನ್ನು ಸಾಲ ಕೊಟ್ಟು ವಸೂಲು ಮಾಡತಕ್ಕ ಕೆಲಸಕ್ಕೆ ಮಾತ್ರ, ಓದುಬರಹ ಬಲ್ಲ ನಂಬಿಗಸ್ಥ ಹುಡುಗನಿದ್ದರೆ ಸಾಕು ಎಂದುಕೊಳ್ಳುತ್ತೇವೆ. ನಂಬಿಕೆ ಬೇಕು, ನಿಜ. ಆದರೆ ಸಾಲದ ವ್ಯವಹಾರವೂ ಕಲಿತು ಮಾಡಬೇಕಾದ ಒಂದು ಕಸುಬು.

1904ರಲ್ಲಿ ಸಹಕಾರ ಸಾಲ ಸಂಘಗಳ ಕಾನೂನು ಬಂದಿತು. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅದರಂತೆ ಸಂಘ ಕಟ್ಟಿದರು. ಇಂಥ ಹಳ್ಳಿ ಸಂಘಗಳಿಗೆ ಮೊದಲು ದಾರಿ ತೋರಿದವರಲ್ಲಿ ಜರ್ಮನಿಯ ರೈಫೈಸನ್ ಎಂಬವರು ಮುಖ್ಯರು. ಅವರ ಪದ್ಧತಿಯಲ್ಲಿ ಆಡಳಿತ ಮಂಡಳಿಯವರಿಗೆ ಸಂಬಳವಿರಲಿಲ್ಲ. ಲೆಕ್ಕ ಬರೆಯುವವನಿಗೆ ಮಾತ್ರ ಇತ್ತು. ಆ ಕೆಲಸ ಬಿಡುವಿನ ವೇಳೆಯಲ್ಲಿ ಮಾಡಿ ಮುಗಿಸುವಂಥದಲ್ಲವೆಂದು ಅವರು ಅಂದೇ ಕಂಡುಕೊಂಡಿದ್ದರು.

ಇನ್ನೊಂದು ವಿಷಯ ನಿಮಗೆ ತಿಳಿದಿರಲಿ. ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರಿಂದ 5 ಲಕ್ಷ ರೂಪಾಯಿಯವರೆಗೆ ವಿಮೆ ಉಂಟು. ಊರಿನ ಪ್ರಾಥಮಿಕ ಸಹಕಾರ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಮಗಳ ಮದುವೆಗೆಂದು ಅಲ್ಲಿ ಹಣವಿಟ್ಟವರಿಗೆ ಕೊಟ್ಟ ಸಾಲ ತಿರುಗಿ ಬರುವುದೇ ಆಧಾರ.

ತರಬೇತಿ ಪಡೆದವನು ಮೊದಲು ಕಲಿಯುವುದು ಬಡ್ಡಿಯ ಲೆಕ್ಕ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಎಂದರೆ ಕಿವಿಗೆ ಅಲ್ಪವೆನಿಸುತ್ತದೆ; ಅದು ವರ್ಷಕ್ಕೆ ಶೇಕಡಾ 24. ಇದಕ್ಕಿಂತ ಮರೆಯಾದದ್ದು ಕಂತಿನ ಸಾಲದ ಬಡ್ಡಿ. 1,20,000 ರೂಪಾಯಿ ಸಾಲ, ಶೇಕಡಾ 12 ಬಡ್ಡಿ, ಅಸಲು ತಿಂಗಳಿಗೆ 10,000ದಂತೆ 12 ಕಂತು ಎಂದಿಟ್ಟುಕೊಳ್ಳಿ. ಪೂರ್ತಿ ಅಸಲಿನ ಮೇಲೆ ವರ್ಷವಿಡೀ ಬಡ್ಡಿ ಹಾಕಿದರೆ 14,400 ರೂಪಾಯಿ. ಪ್ರತಿ ತಿಂಗಳು ಉಳಿದ ಬಾಕಿಯ ಮೇಲೆ ಮಾತ್ರ ಹಾಕಿದರೆ 7,800. ಬಡ್ಡಿ ದರ ಒಂದೇ, ವ್ಯತ್ಯಾಸ 6,600 ರೂಪಾಯಿ! ಈ ಲೆಕ್ಕ ಬಲ್ಲವನೊಬ್ಬ ಊರಿನಲ್ಲಿದ್ದರೆ ಹೊರಗಿನಿಂದ ಬರುವ ಫೈನಾನ್ಸಿನವರೂ ಸ್ವಲ್ಪ ಎಚ್ಚರದಿಂದ ಮಾತನಾಡುತ್ತಾರೆ.

ಎರಡನೆಯದು, ಯಾರಿಗೆ ಎಷ್ಟು ಕೊಡಬೇಕೆಂಬುದು. ಕಲಿಯದವನು ಪಹಣಿ ನೋಡುತ್ತಾನೆ. ಎಕರೆಗೆ ಇಂತಿಷ್ಟು ಬೆಲೆ, ಆದ್ದರಿಂದ ಸಾಲ ಭದ್ರ ಎನ್ನುತ್ತಾನೆ. ಆದರೆ ಕಂತು ಕಟ್ಟುವುದು ಬೆಳೆ ಮಾರಿ ಬಂದ ಹಣದಿಂದ. ಅದರಲ್ಲಿ ಬೀಜ, ಗೊಬ್ಬರ, ಕೂಲಿ ಕಳೆಯಬೇಕು; ಮನೆಖರ್ಚು ಕಳೆಯಬೇಕು; ಸ್ವಸಹಾಯ ಸಂಘದ ಕಂತು, ಒಡವೆ ಸಾಲದ ಬಡ್ಡಿ ಇದ್ದರೆ ಅವನ್ನೂ ಕೇಳಿ ಕಳೆಯಬೇಕು. ಉಳಿದದ್ದು ವರ್ಷಕ್ಕೆ 60,000 ಆದರೆ ಅಷ್ಟನ್ನೂ ಕಂತಿಗೆ ಕಟ್ಟಿಹಾಕಬಾರದು. ಮಳೆ ಕೈಕೊಟ್ಟ ವರ್ಷಕ್ಕೆಂದು ಒಂದಿಷ್ಟು ಬಿಡಬೇಕು. ಹಾಗೆಯೇ ರಾಗಿ ಬೆಳೆಯುವವನಿಗೆ ಕೊಯ್ಲಿಗೆ ಮುಂಚೆ ವಾಯಿದೆ ಇಟ್ಟರೆ ಅವನು ಕೈಸಾಲ ಮಾಡಿ ಸಂಘಕ್ಕೆ ಕಟ್ಟುತ್ತಾನೆ. ವಾಯಿದೆ ತಪ್ಪಿದರೆ ಸರ್ಕಾರದ ಬಡ್ಡಿ ರಿಯಾಯಿತಿಯೂ ಕೈಬಿಡುತ್ತದೆ.

ಸಾಲ ಬೇಡವೆನ್ನುವುದು ಇದಕ್ಕಿಂತ ಕಷ್ಟದ ಕೆಲಸ. ಕೇಳುವವನು ದೊಡ್ಡಪ್ಪನ ಮಗ, ಇಲ್ಲವೇ ನಿರ್ದೇಶಕರ ಬೀಗರು. ಬಾಯಿಮಾತಿನಲ್ಲಿ ಇಲ್ಲವೆಂದರೆ ಅದು ಜಗಳ. ಮೇಲಿನಂತೆ ಲೆಕ್ಕ ಹಾಕಿದ ಹಾಳೆ ಮುಂದಿಟ್ಟು, ಇಷ್ಟು ಮಾತ್ರ ಸಾಧ್ಯ ಎಂದು ತೋರಿಸಿದರೆ ಮಾತು ತಣ್ಣಗಾಗುತ್ತದೆ. ಒಬ್ಬನಿಗೊಬ್ಬನು ಜಾಮೀನು ನಿಂತು ಇಬ್ಬರೂ ಸುಸ್ತಿದಾರರಾಗುವುದನ್ನು ಆರಂಭದಲ್ಲೇ ತಡೆಯುವುದೂ ಕಲಿತವನ ಕೆಲಸವೇ.

ಲೆಕ್ಕದ ಪುಸ್ತಕಗಳ ವಿಷಯ ದೊಡ್ಡದು. ಒಂದೇ ಮಾತು ಹೇಳುವೆನು. ಹಳೆಯ ಸಾಲದ ವಾಯಿದೆ ಬಂದಾಗ ಹೊಸ ಸಾಲ ಬರೆದು ಅದನ್ನೇ ಹಳೆಯದಕ್ಕೆ ಜಮಾ ಮಾಡುವ ರೂಢಿ ಉಂಟು. ಪುಸ್ತಕದಲ್ಲಿ ವಸೂಲಾತಿ ಪೂರ್ತಿ, ಪೆಟ್ಟಿಗೆಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ. ಸದಸ್ಯರು ವಾರ್ಷಿಕ ಸಭೆಯಲ್ಲಿ, "ಈ ವರ್ಷ ನಗದಾಗಿ ಬಂದದ್ದೆಷ್ಟು?" ಎಂದು ಧಾರಾಳವಾಗಿ ಕೇಳಬಹುದು.

ಈ ಕಸುಬನ್ನು ಕಲಿಸುವ ಏರ್ಪಾಡು ನಮ್ಮ ರಾಜ್ಯದಲ್ಲೇ ಇದೆ. ಕರ್ನಾಟಕ ರಾಜ್ಯ ಸಹಕಾರ ಮಹಾಮಂಡಳದ ತರಬೇತಿ ಕೇಂದ್ರಗಳಲ್ಲಿ ಎಸ್.ಎಸ್.ಎಲ್.ಸಿ. ಆದವರಿಗೆ 6 ತಿಂಗಳ ಸಹಕಾರ ನಿರ್ವಹಣೆಯ ಡಿಪ್ಲೊಮಾ ಉಂಟು. ಕಾರ್ಯದರ್ಶಿಗೆ ಈಗ ಮುಖ್ಯ ಕಾರ್ಯನಿರ್ವಾಹಕ ಎಂಬ ದೊಡ್ಡ ಹೆಸರು ಬಂದಿದೆ. ಊರಿನವರಿಗೆ ಅವನು ಇಂದಿಗೂ ಸೆಕ್ರೆಟರಿಯೇ. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ತರಲು ಒಪ್ಪಿಗೆ ಕೊಟ್ಟಿತು. ಆದರೆ ಯಂತ್ರ ಕೂಡಿಸುತ್ತದೆ, ಕಳೆಯುತ್ತದೆ. ಯಾರ ಮನೆಯಲ್ಲಿ ಎಷ್ಟು ಉಳಿಯುತ್ತದೆಂದು ಹೋಗಿ ವಿಚಾರಿಸುವುದಿಲ್ಲ.

ಓದು ಮುಗಿಸಿ ಮನೆಯಲ್ಲಿರುವ ಮಗನೋ ಮಗಳೋ ಇದ್ದರೆ ತಾಲ್ಲೂಕಿನ ಸಹಕಾರ ಇಲಾಖೆಯ ಕಚೇರಿಯಲ್ಲಿ ಮುಂದಿನ ತಂಡ ಎಂದು ಆರಂಭವೆಂದು ವಿಚಾರಿಸಿರಿ. ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿಯಬೇಡಿ. ಸ್ವಸಹಾಯ ಸಂಘದ ಪುಸ್ತಕ ಬರೆದ ಕೈಗೆ ಈ ಪಾಠ ಅರ್ಧ ಬಂದೇ ಇರುತ್ತದೆ. ಹೋಗುವಾಗ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ನಕಲು ಜೊತೆಯಲ್ಲಿರಲಿ.