ಮನೆಯ ಮರಾಠಿ, ಶಾಲೆಯ ಕನ್ನಡ

ಮಟಕಿ ಊರಿನ ತಾಯಿಯವರಿಗೆ,

ಮನೆಯಲ್ಲಿ ಮರಾಠಿ, ಓಣಿಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷು ಎಂಬ ಭಾಷಾಭಾರದಿಂದಲೇ ಮೂರನೆಯ ಇಯತ್ತೆಯ ನಿಮ್ಮ ಮಗನ ಓದು ಕುಂಠಿತವಾಯಿತೆಂದೂ, ಆದಕಾರಣ ಮರಾಠಿಯನ್ನು ಬಿಡಿಸಬೇಕೆಂದೂ ನಿಮಗೆ ಹೇಳಿದವರ ಮಾತನ್ನು ನಾನು ಒಪ್ಪಲಾರೆ. ಆಳಂದ ಸೀಮೆಯ ಅಸಂಖ್ಯ ಮಕ್ಕಳು ಇವೇ ನುಡಿಗಳ ನಡುವೆ ಬೆಳೆದು ನಿರಾತಂಕವಾಗಿ ಓದುತ್ತಿರುವರು. ಬಹುಭಾಷೆಯು ಡಿಸ್ಲೆಕ್ಸಿಯಾವನ್ನು, ಎಂದರೆ ಓದುಬರಹದ ಕಲಿಕಾ ನ್ಯೂನತೆಯನ್ನು, ಹುಟ್ಟಿಸುವುದಿಲ್ಲ. ಕಥೆಯನ್ನು ಮರಾಠಿಯಲ್ಲಿ ಸರಾಗವಾಗಿ ಹೇಳುವ ಬಾಲಕನು ‘ಎತ್ತು’ ಎಂಬಲ್ಲಿ ಕೆಳಗಿನ ಒತ್ತಕ್ಷರವನ್ನು ಬಿಟ್ಟು ‘ಎತು’ ಎಂದು ಓದುವನೆಂದು ಬರೆದಿರುವಿರಷ್ಟೆ. ಪ್ರಾಸಪದಗಳನ್ನು ಗುರುತಿಸುವುದು, ಪದವನ್ನು ಧ್ವನಿಧ್ವನಿಯಾಗಿ ಬಿಡಿಸುವುದು ಮರಾಠಿಯಲ್ಲಿಯೂ ಅವನಿಗೆ ದುಸ್ತರವಾದರೆ, ಕನ್ನಡದ ಅಪರಿಚಯವನ್ನು ದೂರುವುದು ವ್ಯರ್ಥ, ಡಿಸ್ಲೆಕ್ಸಿಯಾವನ್ನು ಶಂಕಿಸಬೇಕು. (ಅದು ಬುದ್ಧಿಯ ಕೊರತೆಯೆಂದು ಯಾರಾದರೂ ಹೇಳಿದರೆ ನಂಬದಿರಿ.) ಮೊದಲು ಕಣ್ಣು, ಕಿವಿಗಳ ತಪಾಸಣೆಯಾಗಲಿ, ಬಳಿಕ ಆಳಂದದ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕಂಡು, ಮಗನನ್ನು ಮರಾಠಿ, ಕನ್ನಡ ಎರಡರಲ್ಲಿಯೂ ಪರೀಕ್ಷಿಸಬೇಕೆಂದು ಕೇಳಿಕೊಳ್ಳಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ. ಆ ನ್ಯೂನತೆಯ ಪ್ರಮಾಣಪತ್ರವಿದ್ದಲ್ಲಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ದೊರೆಯುವುದು. ಏನೇ ಆದರೂ ಮನೆಯಲ್ಲಿ ಮರಾಠಿಯ ಕಥೆಗಳು ನಿಲ್ಲದಿರಲಿ, ತಾಯಿ.